ಗಾಡಿಗೆ ಜುಲಾಬು

"ಸರ್, ನಿಮ್ಮ ಗಾಡೀಗೆ ರೋಗ ಏನೂ ಇಲ್ಲ. ಹೊಟ್ಟಿ ಕಟ್ಟೈತಿ, ಅಷ್ಟ."

ಬೈಲಹೊಂಗಲದ ಗ್ಯಾರೇಜಿನಲ್ಲಿ ಮುಜಫ್ಫರ ಅಂಬಾಸಡರ್ ಕಾರಿನ ಬಾನೆಟ್ಟಿನೊಳಗಿಂದ ತಲೆ ಹೊರಗೆ ತೆಗೆದು ಹಾಗೆಂದಾಗ, ಕಲ್ಮೇಶನಿಗೆ ನಗು ಬಂತು. ಅವನು ಅಲ್ಲಿನ ಕಾಲೇಜಿನಲ್ಲಿ ಇತಿಹಾಸ ಹೇಳುವ ಮೇಷ್ಟ್ರು. ಡೀಸೆಲ್ ಗಾಡಿಯನ್ನು ನಿವೃತ್ತ ಎಂಜಿನಿಯರೊಬ್ಬರಿಂದ ಸೆಕೆಂಡ್ ಹ್ಯಾಂಡಿಗೆ ಕೊಂಡು ಒಂದು ವರ್ಷವೂ ಆಗಿರಲಿಲ್ಲ. ಅಷ್ಟರಲ್ಲೇ ಅದು ಏರಿನಲ್ಲಿ ಏದುಸಿರು ಬಿಡತೊಡಗಿತ್ತು.

"ಹೊಟ್ಟಿ ಕಟ್ಟೂದಂದ್ರ?"

"ಮನಿಯಿಂದ ಕಾಲೇಜು, ಕಾಲೇಜಿಂದ ಮನಿ. ಎಂಜಿನ್ ಕಾಯೂದರಾಗ ಬಂದ್ ಮಾಡಿಬಿಡ್ತೀರಿ. ಒಳಗ ಕಾರ್ಬನ್ ಕುಂದರತೈತಿ. ತಿಂಗಳಿಗೊಮ್ಮೆ ಜುಲಾಬು ಕೊಡ್ರಿ."

"ಜುಲಾಬು?"

"ಹೂಂ ರಿ. ಸವದತ್ತಿ ರಸ್ತಾ ಹಿಡೀರಿ. ಛಲೋತ್ನಾಗಿ ಕಾದ ಮ್ಯಾಲೆ ಮೂರನೇ ಗೇರಿಗೆ ಹಾಕಿ ಒತ್ತಿ ಹಿಡೀರಿ. ಒದರತೈತಿ, ಒದರ್ಲಿ. ಹಿಂದ ಕರ್ರಗ ಕಾರತೈತಿ, ಕಾರ್ಲಿ. ಕನ್ನಡ್ಯಾಗ ನೋಡಿ ಹೆದರಿ ಕಾಲ ತಗೀಬ್ಯಾಡ್ರಿ ಮತ್ತ. ಹೊಗಿ ತೆಳ್ಳಗಾಗೂತನಕ ಬಿಡಬಾರದು. ನಡುವ ಬಿಟ್ರ ಅರ್ಧಾ ಜುಲಾಬು ಆದಂಗ. ಅರ್ಧಾ ಜುಲಾಬಿನ ಹಣೇಬರಾ ಏನಂತ ನಾ ಹೇಳಬೇಕೇನ್ರಿ ನಿಮಗ?"

ಕೈ ಒರೆಸಿಕೊಳ್ಳುತ್ತ ಮುಜಫ್ಫರ ಕೇಳಿದ, "ಮನಿ ಎಲ್ಲಿ ಮಾಡೀರಿ ಸರ್?"

"ಶಟ್ಟೆಪ್ಪನವರ ಮಾಳಗಿ ಮ್ಯಾಲೆ."

"ಅಬಾಬಾ! ಆ ಓಣ್ಯಾಗ ಮನಿ ಸಿಗೂದಂದ್ರ ನಸೀಬ ಬೇಕ್ರಿ. ನಾವು ಕೇಳಾಕ ಹೋದ್ವಿ ಅಂದ್ರ, ಮನಿ ಯಾವಾಗ್ಲೂ ನಿನ್ನೇನ ಕೊಟ್ಟಿರ್ತಾರ."

ಕಲ್ಮೇಶ ನಕ್ಕ. ಅವನಿಗೆ ಆ ಮನೆ ನಿನ್ನೆಯೇ ಹೋಗದೆ ಉಳಿದದ್ದು ಒಂದೇ ಒಂದು ಮಾತಿನಿಂದ.

ನಮ್ಮ ಊರುಗಳಲ್ಲಿ ಬಾಡಿಗೆ ಮನೆಗೆ ಬೀಗ ಎರಡು. ಒಂದು ಬಾಗಿಲಿಗೆ, ಇನ್ನೊಂದು ಮಾಲೀಕನ ನಾಲಿಗೆಗೆ. ಹತ್ತಿ ವ್ಯಾಪಾರದ ಶಟ್ಟೆಪ್ಪನವರು ಮನೆ ತೋರಿಸಿ, ನಳ ತೋರಿಸಿ, ಚಹಾ ಕುಡಿಸಿ, ಕಪ್ಪು ಕೆಳಗಿಡುವ ಹೊತ್ತಿಗೆ ಮೆಲ್ಲಗೆ ಕೇಳಿದ್ದರು: "ನಿಮ್ಮ ಮಂದಿ ಯಾರ್ರಿ ಸರ್?"

"ನಮ್ಮದು ಒಕ್ಕಲುತನ ರಿ," ಎಂದಿದ್ದ ಕಲ್ಮೇಶ.

ಸುಳ್ಳೇನಲ್ಲ. ಅವನಪ್ಪ ಬದುಕಿರುವ ತನಕ ಒಕ್ಕಲುತನವನ್ನೇ ಮಾಡಿದ, ಮಂದಿಯ ಹೊಲದಲ್ಲಿ, ಮಂದಿಯ ಎತ್ತಿನ ಹಿಂದೆ, ಊರಿಗೆ ಬೆನ್ನು ಹಾಕಿ ನಿಂತ ಕೇರಿಯಿಂದ ನಸುಕಿನಲ್ಲೇ ಎದ್ದು ಹೋಗಿ. ಆದರೆ ಶಟ್ಟೆಪ್ಪನವರು ಆ ಮಾತನ್ನು ಯಾವ ಕಿವಿಯಿಂದ ಕೇಳುತ್ತಾರೆಂಬುದು ಕಲ್ಮೇಶನಿಗೆ ಗೊತ್ತಿತ್ತು. ಹೆಸರೂ ನೆರವಿಗೆ ಬಂತು. ಕಲ್ಮೇಶ ಎಂಬ ಹೆಸರು ಈ ಸೀಮೆಯ ಯಾವ ಓಣಿಯಲ್ಲಾದರೂ ಹುಟ್ಟಬಹುದು. ಅವನು ತನ್ನ ಹೆಸರಿನೊಳಗೇ ಅಡಗಿ ಕೂತ.

ಇದೇ ಕಲ್ಮೇಶ ಧಾರವಾಡದಲ್ಲಿ ಓದುವಾಗ ಭಾನುವಾರದ ಓದು ಬಳಗದಲ್ಲಿ ಎದ್ದು ನಿಂತು, "ಕೇರಿಯ ಹೆಸರು ಮುಚ್ಚಿಟ್ಟವನು ಹೆತ್ತವಳ ಸೆರಗು ಎಳೆದವನು" ಎಂದು ಮೇಜು ಗುದ್ದಿದ್ದ. ಚಪ್ಪಾಳೆ ಬಿದ್ದಿತ್ತು. ಚಪ್ಪಾಳೆ ಹೊಡೆದವರಿಗೆ ಯಾರಿಗೂ ಬೈಲಹೊಂಗಲದಲ್ಲಿ ಬಾಡಿಗೆ ಮನೆ ಬೇಕಾಗಿರಲಿಲ್ಲ. ಅವನು ಮಾತ್ರ ಮೂರು ಓಣಿ ತಿರುಗಿ, ಮೂರು ಕಡೆಯೂ "ನಿನ್ನೇನ ಕೊಟ್ವಿ" ಎಂಬ ಉತ್ತರ ಕೇಳಿಸಿಕೊಂಡು, ನಾಲ್ಕನೆಯ ಬಾಗಿಲಲ್ಲಿ ಬಾಗಿದ್ದ. ಬಾಗಿಸಿದವರನ್ನು ಕೇಳುವವರು ಯಾರೂ ಇಲ್ಲ. ಬಾಗಿದವನಿಗೆ ಮಾತ್ರ ಸೊಂಟ ನೋವು.

ಅವನ ಊರು ಹಿರೇಮಡ್ಡಿ ಸವದತ್ತಿ ರಸ್ತೆಯ ಮೇಲೇ ಇದೆ. ರಸ್ತೆ ಮೊದಲು ಕೇರಿಯನ್ನು ಮುಟ್ಟಿ ಆಮೇಲೆ ಊರನ್ನು ಮುಟ್ಟುತ್ತದೆ. ಕೇರಿಯ ಎದುರಿಗೆ ಒಂದು ಜಾಲಿ ಮರ. ಬಸ್ಸು ನಿಲ್ಲುವುದು ಅದರ ಕೆಳಗೆ. ಅಲ್ಲಿ ಅವನ ಅಕ್ಕ ತಂಗೆವ್ವ ಮಗಳು ಮಹಾನಂದಾಳೊಂದಿಗೆ ಇರುತ್ತಾಳೆ. ಅವ್ವ ಇಲ್ಲದ ತಮ್ಮನನ್ನು ಸಾಕಿದವಳು ಅವಳೇ. ಹೆಸರು ತಂಗೆವ್ವ, ಆಗಿದ್ದು ಅಕ್ಕ, ನಡೆದುಕೊಂಡದ್ದು ಅವ್ವನ ಹಾಗೆ. "ನಮ್ಮ ಮನ್ಯಾಗಿನ ಮಂದಿ ಜಾಗಾ ಎಲ್ಲಾ ನಾ ಒಬ್ಬಾಕೀನ ತುಂಬೇನಿ," ಎಂದು ಅವಳೇ ನಗಾಡುತ್ತಿದ್ದಳು.

ಮೊದಲ ಸಲ ಗಾಡಿಗೆ ಜುಲಾಬು ಕೊಡಲು ಹೋದ ಭಾನುವಾರ ಕಲ್ಮೇಶ ಒಬ್ಬನೇ ಇದ್ದ. ಹಾಗಾಗಿ ಹಿಂತಿರುಗುವಾಗ ಕೇರಿಯಲ್ಲಿ ನಿಲ್ಲಿಸಿದ. ಹೊಗೆಯ ಕತೆಯನ್ನು ಅವನ ಬಾಯಿಂದ ಕೇಳಿ ತಂಗೆವ್ವ ನಕ್ಕು ನಕ್ಕು ನೆಲಕ್ಕೆ ಕುಂತುಬಿಟ್ಟಳು.

"ಲೇ ಕಲ್ಲ್ಯಾ, ಗಾಡೀಗೂ ಜುಲಾಬೇನ್ಲೇ! ನಿನಗ ಔಡಲೆಣ್ಣಿ ಕುಡಸಾಕ ನಾ ಮೂಗ ಹಿಡೀತಿದ್ದೆ. ಇದಕ್ಕ ಎಲ್ಲಿ ಹಿಡೀತಾರ?"

"ಇದಕ್ಕ ಮೂಗ ಹಿಡ್ಯಂಗಿಲ್ಲಕ್ಕ. ಕಾಲ ಒತ್ತಬೇಕು. ನಡುವ ಬಿಡಬಾರದು, ನಿಂದರಸಬಾರದು."

"ನಿಂದರಸಿದ್ರ?"

"ಅರ್ಧಾ ಜುಲಾಬು."

"ಅಯ್ಯ, ಅದು ಬ್ಯಾಡಪಾ, ಅದು ಬ್ಯಾಡ," ಎಂದು ಅವಳು ಮತ್ತೆ ನಕ್ಕಳು. ಆಮೇಲೆ ಬಾನೆಟ್ಟಿಗೆ ಬೊಗಸೆ ಭಂಡಾರ ಹಚ್ಚಿ, ಕಣ್ಣಿಗೊತ್ತಿಕೊಂಡು ಕಳಿಸಿದಳು. ಬೈಲಹೊಂಗಲ ಇನ್ನೂ ದೂರವಿರುವಾಗಲೇ ಕಲ್ಮೇಶ ಹಳ್ಳದ ದಂಡೆಯಲ್ಲಿ ನಿಲ್ಲಿಸಿ, ಹಸಿ ಬಟ್ಟೆಯಿಂದ ಆ ಅರಿಶಿನವನ್ನು ಒರೆಸಿದ. ಯಾರಾದರೂ ಎಲ್ಲಿಯದು ಎಂದು ಕೇಳಿಯಾರು.

ಆಮೇಲೆ ಒಂದು ದಿನ ಕಾಲೇಜಿನ ಆಫೀಸಿಗೆ ಫೋನು ಬಂತು. ಸಿಪಾಯಿ ಬಂದು ಕರೆದ, "ಸರ್, ಯಾರೋ ಹೆಣಮಗಳು ರಿ. ಒದರಾಕತ್ತಾಳ." ತಂಗೆವ್ವನಿಗೆ ಫೋನಿನಲ್ಲಿ ಕೂಗದೆ ಮಾತಾಡಲು ಬರುತ್ತಿರಲಿಲ್ಲ.

"ಕಲ್ಲ್ಯಾ, ಸೋಮವಾರ ನಮ್ಮ ಮಾನಂದೀದು ಸವದತ್ತ್ಯಾಗ ಇಂಟರ್ಯೂ ಐತೋ! ನರ್ಸ್ ಕಲ್ಯಾಕ. ಪಾಸಾದ್ರ ಊಟಾ ವಸ್ತೀ ಎಲ್ಲಾ ಅವರದೇ ಅಂತ. ನೀ ಗಾಡಿ ತಗೊಂಡು ಬರ್ತೀಯೇನು? ಅಕಿಗೆ ಧೈರ್ಯ ಬರತೈತಿ."

ಆಫೀಸಿನಲ್ಲಿ ಗುಮಾಸ್ತರು ಕೂತಿದ್ದರು. ಕಲ್ಮೇಶ ರಿಸೀವರಿಗೆ ಕೈ ಅಡ್ಡ ಹಿಡಿದ. "ನನಗ ಕ್ಲಾಸ್ ಅದಾವ. ಮುಂಜಾನೆ ಬಸ್ಸಿಗೆ ಹೋಗ್ರಿ," ಎಂದ. ಅಕ್ಕಾ ಎನ್ನಲಿಲ್ಲ.

"ಆತು ಬಿಡು. ನಿನ್ನ ಕ್ಲಾಸ್ ಬಿಟ್ಟು ಬರಬ್ಯಾಡ," ಎಂದಳು ಅವಳು, ಇನ್ನೂ ಕೂಗಿಯೇ.

ಭಾನುವಾರ ಸಂಜೆ ಶಟ್ಟೆಪ್ಪನವರು ಮಾಳಿಗೆಯ ಮೆಟ್ಟಿಲ ಬುಡದಲ್ಲಿ ನಿಂತು ಕರೆದರು. "ಸರ್, ನಾಳೆ ಸವದತ್ತೀಗೆ ಹತ್ತೀ ವ್ಯಾಪಾರದ ಮಂದಿ ಕಡೆ ಹೋಗೂದೈತಿ. ನಿಮ್ಮ ಗಾಡ್ಯಾಗ ಒಂದೀಟು ಮುಟ್ಟಸ್ತೀರೇನು? ಕ್ಲಾಸ್ ಗೀಸ್ ಅದಾವೇನ ಮತ್ತ?"

"ಏನಿಲ್ರಿ. ರಜಾ ಹಾಕಿದ್ರಾತು," ಎಂದ ಕಲ್ಮೇಶ.

ತನ್ನ ಬಾಯಿಂದ ಆ ಮಾತು ಅಷ್ಟು ಸಲೀಸಾಗಿ ಬಿದ್ದದ್ದನ್ನು ಕೇಳಿ ಅವನಿಗೇ ದಿಗಿಲಾಯಿತು. ಅಕ್ಕನಿಗೆ ಇಲ್ಲದ ರಜೆ ಮನೆ ಮಾಲೀಕನಿಗೆ ಇತ್ತು. ಮುಂಜಾನೆ ಬಸ್ಸಿಗೆ ಅವರು ಹೋಗಿಬಿಟ್ಟಿರುತ್ತಾರೆ ಎಂದು ಅಂದುಕೊಂಡ.

ಬಸ್ಸು ಬಂದೇ ಇರಲಿಲ್ಲ. ಆ ದಿನ ಆ ದಾರಿಯ ಬಸ್ಸುಗಳು ಯಾವನೋ ಪುಢಾರಿಯ ಸಮಾವೇಶಕ್ಕೆ ಮಂದಿ ತುಂಬಿಕೊಂಡು ಹೋಗಿದ್ದವು. ಬಡವರ ಉದ್ಧಾರದ ಸಮಾವೇಶವಂತೆ. ಬಡವರು ರಸ್ತೆಯ ಮೇಲೆ ನಿಂತಿದ್ದರು.

ಗಾಡಿ ಓಡುತ್ತಿತ್ತು. ಮುಂದಿನ ಸೀಟಿನಲ್ಲಿ ಶಟ್ಟೆಪ್ಪನವರು ಅಡಕೆ ಚೀಲ ಬಿಚ್ಚಿ, ಹತ್ತಿಯ ದರ, ಅಳಿಯನ ಸೋಮಾರಿತನ ಎಲ್ಲವನ್ನೂ ಅಗಿಯುತ್ತಿದ್ದರು. ದೂರದಲ್ಲಿ ಜಾಲಿ ಮರ ಕಾಣಿಸಿತು. ಅದರ ಕೆಳಗೆ ಇಬ್ಬರು. ಒಂದು ಹಸಿರು ಸೀರೆ, ಒಂದು ಹಾಲಿನ ಬಣ್ಣದ ಚೂಡಿದಾರ. ಹಸಿರು ಸೀರೆ ಆಗಲೇ ಗಾಡಿಯ ಗುರುತು ಹಿಡಿದು ರಸ್ತೆಯ ಅಂಚಿಗೆ ಬಂದಿತ್ತು.

ನಿಲ್ಲಿಸಿದರೆ ಅವಳು ಕಿಟಕಿಯೊಳಗೆ ತಲೆ ಹಾಕಿ "ಲೇ ಕಲ್ಲ್ಯಾ" ಎನ್ನುತ್ತಾಳೆ. ಅಷ್ಟು ಸಾಕು. ಕೇರಿ ಎದುರಿಗೇ ಇದೆ, ಬೇರೆ ಸಾಕ್ಷಿ ಬೇಡ. ಮನೆ ಹೋಗುತ್ತದೆ. ಮನೆಯ ಜೊತೆಗೆ ಓಣಿಯ ನಮಸ್ಕಾರಗಳು, ಸ್ಟಾಫ್ ರೂಮಿನ ಹಂಚಿಕೊಂಡ ಬುತ್ತಿ, ಎಲ್ಲ.

"ಶಟ್ಟೆಪ್ಪನವರ, ಈ ಗಾಡೀಗೆ ಜುಲಾಬು ಕೊಡೂದೈತ್ರಿ," ಎಂದ.

"ಏನು?"

ಅವನು ಅವಸರದಲ್ಲಿ ವಿವರಿಸಿದ. ಕಾರ್ಬನ್, ಮೂರನೇ ಗೇರು, ನಡುವೆ ನಿಲ್ಲಿಸಬಾರದು. ಹಿಂದಿನ ವಾರವಷ್ಟೇ ಕೊಟ್ಟಾಗಿತ್ತು ಎಂಬುದನ್ನು ಹೇಳಲಿಲ್ಲ.

ಶಟ್ಟೆಪ್ಪನವರು ಖುಷಿಯಾಗಿ ತೊಡೆ ತಟ್ಟಿಕೊಂಡರು. "ಹೌದ? ಕೊಡ್ರಿ ಹಂಗಾದ್ರ, ನಾನೂ ನೋಡತೇನಿ!"

ಕಲ್ಮೇಶ ಗೇರು ಇಳಿಸಿ ಒತ್ತಿದ. ಎಂಜಿನ್ನು ಒದರಿತು. ಜಾಲಿ ಮರ ಎದುರಿಗೆ ನುಗ್ಗಿ ಬಂತು. ತಂಗೆವ್ವ ಕೈ ಎತ್ತಿದ್ದಳು. ಅಡ್ಡ ಕೈಯಲ್ಲ, ನಿಲ್ಲಿಸು ಎನ್ನುವ ಕೈಯಲ್ಲ. ತನ್ನವರನ್ನು ಕಂಡಾಗ ತಾನಾಗಿ ಮೇಲೇಳುವ ಕೈ. ಮುಖದ ತುಂಬ ನಗು. ಮಹಾನಂದಾ ಚೀಲವನ್ನು ಆಗಲೇ ಹೆಗಲಿಗೇರಿಸಿದ್ದಳು. ಒಂದು ಕ್ಷಣ ಕಿಟಕಿಯ ಗಾಜಿನಾಚೆ ಆ ಮುಖಗಳು ಬಂದವು, ಹೋದವು. ಕನ್ನಡಿಯಲ್ಲಿ ಕರೀ ಹೊಗೆ ಉರುಳಿತು. ಮೊದಲು ಚೂಡಿದಾರ ಮುಳುಗಿತು, ಆಮೇಲೆ ಸೀರೆ, ಕೊನೆಗೆ ಎತ್ತಿದ ಕೈ.

"ಯಾರೋ ಹೆಣಮಗಳು ಕೈ ಮಾಡಿದಂಗಿತ್ತಲ್ರಿ?"

"ನಡುವ ನಿಂದರಸಿದ್ರ ಅರ್ಧಾ ಆಗತೈತ್ರಿ."

ಶಟ್ಟೆಪ್ಪನವರು ಹೊರಳಿ ಹಿಂದಿನ ಗಾಜಿನಲ್ಲಿ ನೋಡಿದರು. ಹೊಟ್ಟೆ ಕುಲುಕಿಸಿ ನಗತೊಡಗಿದರು. "ಛಲೋ ಜಾಗಾ ನೋಡಿ ಬಿಟ್ರಿ ಬಿಡ್ರಿ! ಊರ ಜುಲಾಬೆಲ್ಲ ಆ ಮಂದಿ ಕಡೇನ ಹೋಗೂದು ರಿವಾಜ ಐತಲ್ಲ. ಈಗ ಗಾಡೀದೂ ಆತು."

ಕಲ್ಮೇಶ ನಕ್ಕ.

ಯಾರೂ ನಗು ಎಂದು ಒತ್ತಾಯ ಮಾಡಿರಲಿಲ್ಲ. ಸುಮ್ಮನಿದ್ದಿದ್ದರೂ ಮನೆ ಉಳಿಯುತ್ತಿತ್ತು. ಎಂಜಿನ್ನಿನ ಸದ್ದಿನ ನೆಪವಿತ್ತು, ಕೇಳಿಸಲಿಲ್ಲ ಎಂದಿದ್ದರೂ ನಡೆಯುತ್ತಿತ್ತು. ಆದರೂ ಅವನು ಹಲ್ಲು ಕಾಣುವಂತೆ, ಹೆಗಲು ಕುಣಿಯುವಂತೆ, ಶಟ್ಟೆಪ್ಪನವರಿಗಿಂತ ತುಸು ಹೆಚ್ಚೇ ನಕ್ಕ.

ಸವದತ್ತಿ ಮುಟ್ಟಿದ ಮೇಲೂ ಹೊತ್ತಿತ್ತು. ಹಿಂದಕ್ಕೆ ಹೋಗಿ ಅವರನ್ನು ಕರೆತರಬಹುದಿತ್ತು. ಗಾಡಿಯ ಕೀಲಿ ಅವನ ಕೈಯಲ್ಲೇ ಇತ್ತು. "ಬರ್ರಿ ಸರ್, ಎಲ್ಲಿ ಬಿಸಲಾಗ ನಿಂದರತೀರಿ, ಚಹಾ ತಗೊಳ್ರಿ," ಎಂದು ಶಟ್ಟೆಪ್ಪನವರು ಅಡತಿ ಅಂಗಡಿಯ ಗಾದಿಯ ಮೇಲೆ ಕೂಡಿಸಿಕೊಂಡರು. ಗಾದಿ ಬೆಳ್ಳಗಿತ್ತು. ಅದರ ಮೇಲೆ ಅವನಪ್ಪ ಎಂದೂ ಕೂತಿರಲಿಲ್ಲ. ಕಲ್ಮೇಶ ಕೂತ. "ಇವರು ನಮ್ಮ ಮನ್ಯಾಗ ಇರೂ ಪ್ರೊಫೆಸರ್," ಎಂದು ಪರಿಚಯ ಮಾಡಿಸಿದಾಗ ಕೈ ಜೋಡಿಸಿದ. ಚಹಾ ಕುಡಿದ. ಇನ್ನೊಂದು ಕಪ್ಪು ಕೊಟ್ಟರು, ಅದನ್ನೂ ಕುಡಿದ.

ಹಿಂತಿರುಗುವಾಗ ಜಾಲಿ ಮರದ ಕೆಳಗೆ ಯಾರೂ ಇರಲಿಲ್ಲ. ಯಾವುದಾದರೂ ಗಾಡಿ ಸಿಕ್ಕಿರಬೇಕು ಎಂದುಕೊಂಡ. ಆ ರಾತ್ರಿಯಾಗಲಿ, ಆ ವಾರವಾಗಲಿ ಹಿರೇಮಡ್ಡಿಗೆ ಹೋಗಲಿಲ್ಲ. ಕಾಲೇಜಿನ ಫೋನು ಗಣಗಣಿಸಿದಾಗಲೆಲ್ಲ ಪಾಠ ನಿಲ್ಲಿಸಿ ಕಿಟಕಿಯ ಕಡೆ ನೋಡುತ್ತಿದ್ದ. ಅವನಿಗೆ ಬೈಗುಳ ಬೇಕಿತ್ತು. "ಲೇ ಕಲ್ಲ್ಯಾ, ನಿನ್ನ ಹೆಣಾ ಎತ್ತಲಿ" ಎಂದು ಅಕ್ಕ ಆಫೀಸು ನಡುಗುವಂತೆ ಕೂಗಿದ್ದರೆ ಹಗುರಾಗುತ್ತಿದ್ದ. ಅವಳ ಫೋನು ಬರಲಿಲ್ಲ.

ಮುಂದಿನ ಸೋಮವಾರ ಕಾಲೇಜಿಗೆ ಹೊರಡಲು ಮೆಟ್ಟಿಲು ಇಳಿಯುತ್ತಿದ್ದಾಗ ಅಂಗಳದಲ್ಲಿ ಮಾತು ಕೇಳಿಸಿತು.

"ಯಾರವ್ವಾ ನೀವು?" ಶಟ್ಟೆಪ್ಪನವರ ಹೆಂಡತಿ ಕೆಂಚವ್ವನ ದನಿ.

"ಮ್ಯಾಲಿನ ಸಾಹೇಬ್ರ ಊರಾವ್ರ್ರೀ ಯವ್ವಾ. ಅವರ ಹೊಲದಾಗ ದುಡ್ಯಾವ್ರು."

ಕಲ್ಮೇಶ ಅರ್ಧ ಮೆಟ್ಟಿಲಲ್ಲೇ ನಿಂತ. ಕೂಗದೆ ಮಾತಾಡಲು ಬಾರದ ಅಕ್ಕ ಪಿಸುಮಾತಿನಂಥ ದನಿಯಲ್ಲಿ ಮಾತಾಡುತ್ತಿದ್ದಳು. ಅವನಿಗೆ ಹೊಲ ಎಲ್ಲಿತ್ತು? ಅವಳು ಒಂದೇ ಮಾತಿನಲ್ಲಿ ಅವನಿಗೆ ಹೊಲ ಬರೆದುಕೊಟ್ಟಿದ್ದಳು.

ಗೇಟಿನ ಹೊರಗೆ ಚಪ್ಪಲಿ ಬಿಟ್ಟು, ಅಂಗಳದ ಅಂಚಿನಲ್ಲಿ ಇಬ್ಬರೂ ನಿಂತಿದ್ದರು. ತಂಗೆವ್ವ ತಲೆಯ ಮೇಲೆ ಸೆರಗು ಹೊದ್ದಿದ್ದಳು. ಕೆಂಚವ್ವ ಕೆಟ್ಟವಳಲ್ಲ. ಬಿಸಿಲಲ್ಲಿ ಬಂದವರೆಂದು ತಂಬಿಗೆ ತುಂಬಿ ನೀರು ತಂದಳು. ತಂಗೆವ್ವ ಹೇಳಿಸಿಕೊಳ್ಳದೆ ಕುಕ್ಕರಗಾಲಿನಲ್ಲಿ ಕೂತು ಬೊಗಸೆ ಒಡ್ಡಿದಳು. ಕೆಂಚವ್ವ ತಂಬಿಗೆ ತಾಗದಂತೆ ಮೇಲಿನಿಂದ ಸುರಿದಳು. ಮೊಣಕೈಗುಂಟ ನೀರು ಇಳಿದು ಸೀರೆ ತೊಯ್ಯಿತು. ದಿನಾಲೂ ಅದೇ ತಂಬಿಗೆಯಿಂದ ಕಲ್ಮೇಶ ಬಾಯಿ ಕಚ್ಚಿ ಕುಡಿಯುತ್ತಿದ್ದ.

ತಂಗೆವ್ವ ಬಾಯಿ ಒರೆಸಿಕೊಂಡು ತಲೆ ಎತ್ತಿದಳು. ತಮ್ಮನನ್ನು ಕಂಡಳು. ಎದ್ದು ನಿಂತು ಕೈ ಮುಗಿದಳು.

"ನಮಸ್ಕಾರ್ರೀ ಸಾಹೇಬ್ರ. ಕಾಲೇಜಿಗೆ ಹೊಂಟೀರೇನ್ರಿ?"

ಆ 'ರಿ' ಅವನ ಮುಖಕ್ಕೆ ಬಿತ್ತು.

"ನನ್ನ ಮಗಳದು ಸವದತ್ತ್ಯಾಗ ಒಂದು ಕೆಲಸ ಇತ್ತರಿ. ಹ್ವಾದ ವಾರ ಬಸ್ ಸಿಗಲಿಲ್ಲ. ನಡಕೊಂತ ಹೋಗಿ ದಾರ್‍ಯಾಗ ಟ್ಯಾಕ್ಟರ್ ಹತ್ತಿ ಮುಟ್ಟೂದರಾಗ ಬಾಗಲಾ ಹಾಕಿದ್ರು. ಮಾತಾಡಾಕ ಬರೂವಂಥವ್ರನ್ನ ಯಾರನ್ನರೆ ಕರಕೊಂಡು ಬರ್ರಿ, ನೋಡೂಣು ಅಂದಾರ. ನೀವು ಒಂದ ಮಾತ ಬಂದು ಹೇಳ್ತೀರೇನ್ರಿ?"

ಹ್ವಾದ ವಾರ ಎಂದಳು. ಗಾಡಿ ಎನ್ನಲಿಲ್ಲ, ಹೊಗೆ ಎನ್ನಲಿಲ್ಲ. ಅವಳ ಕಣ್ಣಲ್ಲಿ ಸಿಟ್ಟು ಹುಡುಕಿದ ಕಲ್ಮೇಶ. ಅಲ್ಲಿದ್ದದ್ದು ಕಾವಲು. ತಮ್ಮನ ಗುಟ್ಟನ್ನು ಅವಳು ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಿದ್ದಳು. ಹೊಗೆಯೊಳಗೆ ನಿಂತಾಗಲೇ ಅವಳಿಗೆ ಎಲ್ಲ ಅರ್ಥವಾಗಿತ್ತು.

"ಅಕ್ಕಾ," ಎಂದ ಅವನು. "ಅಕ್ಕಾ, ಒಳಗ ಬಾ."

ತಂಗೆವ್ವ ಗಡಬಡಿಸಿ ಕೆಂಚವ್ವನ ಕಡೆ ತಿರುಗಿದಳು. "ಸಾಹೇಬ್ರು ಭಾಳ ದೊಡ್ಡ ಮನಸಿನವ್ರ್ರೀ. ನಮ್ಮಂಥವ್ರಿಗೂ ಅಕ್ಕಾ ಅಂತಾರ."

"ಹೌದವ್ವಾ," ಎಂದಳು ಕೆಂಚವ್ವ ಮೆಚ್ಚುಗೆಯಿಂದ. "ನಮ್ಮ ಭಾಂಡಿ ತಿಕ್ಕಾಕಿಗೂ ಅಕ್ಕಾ ಅಂತಾರ. ಕಲತ ಮಂದಿ ಅಂದ್ರ ಹಿಂಗಿರಬೇಕು."

ಅಕ್ಕ ಎಂಬ ಮಾತು ಈ ಸೀಮೆಯಲ್ಲಿ ಎಷ್ಟು ಸಡಿಲವೆಂದರೆ, ಯಾರಿಗೆ ಅಂದರೂ ನಡೆಯುತ್ತದೆ, ಯಾವುದನ್ನೂ ಬಯಲು ಮಾಡುವುದಿಲ್ಲ. ಕಲ್ಮೇಶ ಬಾಯಿ ಬಿಟ್ಟು ಹೇಳಿದ ನಿಜ ಅಂಗಳದಲ್ಲಿ ವಿನಯವಾಗಿ ಬಿದ್ದಿತ್ತು. ಅವನು ಹಾಗೆಯೇ ಬಿಡಬಹುದಿತ್ತು. ಅಕ್ಕ ಹಾದಿ ಮಾಡಿಕೊಟ್ಟಿದ್ದಳು. ಅವತ್ತಿನ ಹಾಗೆ ಕಾಲು ತೆಗೆಯದೆ ಹೋಗಿಬಿಡುವ ಹಾದಿ.

"ಹಂಗಲ್ರಿ," ಎಂದ. "ಇಕಿ ನನ್ನ ಒಡಹುಟ್ಟಿದ ಅಕ್ಕ. ಒಂದ ಹೊಟ್ಟ್ಯಾಗ ಹುಟ್ಟೇವಿ. ಹಿರೇಮಡ್ಡಿ ಕೇರ್‍ಯಾಗ."

ಕೆಂಚವ್ವ ಅವನನ್ನು ನೋಡಿದಳು, ತಂಗೆವ್ವನನ್ನು ನೋಡಿದಳು, ಆಮೇಲೆ ಕೈಯಲ್ಲಿದ್ದ ತಂಬಿಗೆಯನ್ನು ನೋಡಿದಳು. ಅದನ್ನು ಕೆಳಗಿಡುವುದೋ ಒಳಗೆ ಒಯ್ಯುವುದೋ ಅವಳಿಗೆ ತಿಳಿಯಲಿಲ್ಲ.

ತಂಗೆವ್ವನ ಮುಖ ಕೆಂಪಾಯಿತು. ಅಲ್ಲಿಯತನಕ ಅದುಮಿಟ್ಟ ದನಿ ಒಮ್ಮೆಲೇ ಒಡೆಯಿತು. "ಯಾಕ ಹೇಳಿದ್ಯೋ ಮೂಳಾ? ಈಗ್ಯಾಕ ಹೇಳಿದಿ? ಹೇಳೂದಿದ್ರ ಅವತ್ತ ರಸ್ತಾದಾಗ ಹೇಳಬೇಕಿತ್ತು. ಇವತ್ತ ನಾ ನೀರ ಕುಡದು, ಸಾಹೇಬ್ರ ಅಂದು, ಎಲ್ಲಾ ನುಂಗಿ ಹೋಗಾಕಿದ್ದೆ. ನನ್ನ ಬೊಗಸಿ ಒಡ್ಡಿಸಿದ ಮ್ಯಾಲೆ ಹೇಳ್ತಿ?"

ಬೊಗಸೆ ಒಡ್ಡುವಾಗ ಅವನು ಮೆಟ್ಟಿಲ ಮೇಲೇ ನಿಂತಿದ್ದ, ನೋಡುತ್ತಲೇ ಇದ್ದ ಎಂಬುದು ಅವಳಿಗೂ ಗೊತ್ತಿತ್ತು. ಕಲ್ಮೇಶ ಅವಳ ತೊಯ್ದ ಸೀರೆಯನ್ನು ಬಿಟ್ಟು ಬೇರೆಲ್ಲೂ ನೋಡದಾದ.

ಒಳಗಿನಿಂದ ಶಟ್ಟೆಪ್ಪನವರು ಕೇಳಿದರು, "ಯಾರದು? ಏನ ಗದ್ದಲ ಮುಂಜಮುಂಜಾನೆ?"

ಕೆಂಚವ್ವ ತಂಬಿಗೆ ಹಿಡಿದೇ ಬಾಗಿಲ ಕಡೆ ತಿರುಗಿದಳು.

ಮಹಾನಂದಾ ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ, ಸೋದರಮಾವನ ಮುಖವನ್ನೂ ನೋಡಿರಲಿಲ್ಲ. ಈಗ ನೋಡಿದಳು. ಅವಳ ಕಣ್ಣುಗಳಲ್ಲಿ ಅವ್ವನ ಕಾವಲು ಇರಲಿಲ್ಲ.

"ಮಾಮಾ, ಒಳಗಿನವ್ರಿಗೆ ಕೇಳಿಸಿಲ್ಲ. ಇನ್ನೊಮ್ಮೆ ಹೇಳು."

ಮೊದಲ ಸಲ ಮಾತು ಬಾಯಿಂದ ಜಾರಿ ಬಂದಿತ್ತು. ಎರಡನೆಯ ಸಲ ಅದನ್ನು ಎತ್ತಿಕೊಂಡು ಹೋಗಿ ಹೊಸ್ತಿಲ ಮೇಲೆ ಇಡಬೇಕಿತ್ತು. ಕಲ್ಮೇಶ ಕೊನೆಯ ಮೆಟ್ಟಿಲು ಇಳಿದು ಬಾಗಿಲ ಕಡೆ ನಡೆದ. ಒಳಗೆ ಶಟ್ಟೆಪ್ಪನವರು ಜೋಕಾಲಿಯಿಂದ ಏಳುತ್ತಿದ್ದರು. ಅವನನ್ನು ಕಂಡು, "ಬರ್ರಿ ಸರ್, ಬರ್ರಿ, ಕುಂದರ್ರಿ," ಎಂದು ನಕ್ಕರು.

"ಶಟ್ಟೆಪ್ಪನವರ," ಎಂದ. ಹಿಂದೆ ಮಹಾನಂದಾ ಕಾಯುತ್ತ ನಿಂತಿದ್ದಳು. ಅವನು ಹೊಸ್ತಿಲ ಮೇಲೆ ನಿಂತು, ಅಂಗಳದಲ್ಲಿ ಹೇಳಿದ್ದನ್ನು ಮತ್ತೆ ಮೊದಲಿನಿಂದ ಹೇಳತೊಡಗಿದ.